ಮುಲಾಮಿನ ಚೀಟಿಯಲ್ಲಿ ಕಂಡ ಇಲಿ

ಕಳೆದ ವಾರ ಬದಿಯಡ್ಕದ ಕಡೆಯ ತಾಯಿಯೊಬ್ಬರು ಬರೆದ ಪತ್ರ ಈ ಅಂಕಣದ ಹೆಸರಿಗೆ ಬಂದಿತು. ಅವರ ಕಿರಿಯ ಮಗನಿಗೆ ಆರು ವರ್ಷ. ಮೊಣಕೈಯ ಮಡಿಕೆಯಲ್ಲಿ, ಮೊಣಕಾಲಿನ ಹಿಂಬದಿಯಲ್ಲಿ ಇಸುಬು. ರಾತ್ರಿಯಿಡೀ ತುರಿಸಿಕೊಂಡು ಹಾಸಿಗೆಯ ಬಟ್ಟೆಗೆ ರಕ್ತದ ಕಲೆಯಾಗುತ್ತಿತ್ತು. ಚರ್ಮವೈದ್ಯರು ಟ್ಯಾಕ್ರೊಲಿಮಸ್ ಎಂಬ ಮುಲಾಮನ್ನು ಬರೆದುಕೊಟ್ಟರು; ಮೂರು ವಾರಗಳಲ್ಲಿ ಮಗು ನೆಮ್ಮದಿಯಿಂದ ನಿದ್ರಿಸತೊಡಗಿತು. ಅಷ್ಟರಲ್ಲಿ ಎಂಟನೆಯ ತರಗತಿಯಲ್ಲಿ ಓದುತ್ತಿರುವ ಅಕ್ಕ, ಪೆಟ್ಟಿಗೆಯೊಳಗೆ ಮಡಚಿಟ್ಟಿದ್ದ ಇಂಗ್ಲಿಷ್ ಚೀಟಿಯನ್ನು ನಿಘಂಟಿನ ನೆರವಿನಿಂದ ಓದಿದಳು. ರೋಮವಿಲ್ಲದ ಇಲಿಗಳಿಗೆ ಈ ಮುಲಾಮನ್ನು ಹಚ್ಚಿ ನೇರಳಾತೀತ ಕಿರಣಕ್ಕೆ ಒಡ್ಡಿದಾಗ ಚರ್ಮದ ಗಡ್ಡೆಗಳು ಬೇಗನೆ ಕಾಣಿಸಿಕೊಂಡವು ಎಂಬ ಅರ್ಥದ ಒಂದು ವಾಕ್ಯ ಅದರಲ್ಲಿತ್ತು.

"ಮಾಸ್ಟ್ರೇ, ಮಗಳು ಅದನ್ನು ಓದಿ ಹೇಳಿದ ದಿನವೇ ಮುಲಾಮು ಹಚ್ಚುವುದನ್ನು ನಿಲ್ಲಿಸಿದೆ. ಈಗ ತುರಿಕೆ ಮೊದಲಿನ ಹಾಗೆಯೇ ಆಗಿದೆ. ವೈದ್ಯರನ್ನು ಕೇಳಲು ಸಂಕೋಚ. ನಾನು ಮಾಡಿದ್ದು ಸರಿಯೋ ತಪ್ಪೋ?" ಎಂದು ತಾಯಿ ಕೇಳಿದ್ದಾರೆ. ಪತ್ರದ ಅಡಿಯಲ್ಲಿ ಮಗಳು ತನ್ನದೇ ಅಕ್ಷರದಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿದ್ದಾಳೆ: "ಆ ಇಲಿಗಳಿಗೆ ರೋಮ ಏಕಿಲ್ಲ? ಅವುಗಳಿಗೆ ಕ್ಯಾನ್ಸರ್ ಬರುವಂತೆ ಮಾಡುವುದು ನ್ಯಾಯವೇ?"

ನಾನು ವೈದ್ಯನಲ್ಲ. ಮಗುವಿನ ಔಷಧವನ್ನು ಮುಂದುವರಿಸಬೇಕೇ ಬೇಡವೇ ಎಂಬುದನ್ನು ನಿರ್ಧರಿಸಬೇಕಾದವರು ಮಗುವನ್ನು ಕಂಡು ಪರೀಕ್ಷಿಸಿದ ವೈದ್ಯರು. ಆದರೆ ಚೀಟಿಯ ಆ ವಾಕ್ಯ ಎಲ್ಲಿಂದ ಬಂತು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಬಿಡಿಸಿ ಹೇಳುವುದು ವಿಜ್ಞಾನದ ಅಧ್ಯಾಪಕನ ಕರ್ತವ್ಯ. ಈ ವಾರ ಅದನ್ನೇ ಮಾಡುತ್ತೇನೆ.

ಮೊದಲು ಬಿಸಿಲಿನ ವಿಚಾರ. ಸೂರ್ಯನ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಏಳು ಬಣ್ಣಗಳಲ್ಲದೆ, ನೇರಳೆಯ ಆಚೆಗಿನ ಕಾಣದ ಕಿರಣಗಳೂ ಇವೆ. ಇವು ಚರ್ಮದ ಜೀವಕೋಶಗಳನ್ನು ಹೊಕ್ಕು, ಅಲ್ಲಿರುವ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಎರಡು ಘಟಕಗಳನ್ನು ಅಂಟಿಸಿಬಿಡುತ್ತವೆ. ನಮ್ಮ ಜೀವಕೋಶಗಳು ದಿನವೂ ಇಂಥ ಗಾಯಗಳನ್ನು ಕತ್ತರಿಸಿ ತೆಗೆದು ಸರಿಪಡಿಸುತ್ತಲೇ ಇರುತ್ತವೆ. ಈ ದುರಸ್ತಿಯ ಶಕ್ತಿ ಹುಟ್ಟಿನಿಂದಲೇ ಇಲ್ಲದವರಿಗೆ ಬಾಲ್ಯದಲ್ಲಿಯೇ ಚರ್ಮದ ಕ್ಯಾನ್ಸರ್ ಬರುವುದುಂಟು. ಅಂಥ ಒಂದು ರೋಗದಲ್ಲಿ ಕೆಟ್ಟಿರುವುದು ದುರಸ್ತಿಯ ಕೆಲಸವೇ ಎಂದು ಜೇಮ್ಸ್ ಕ್ಲೀವರ್ ಎಂಬ ವಿಜ್ಞಾನಿ 1968ರಲ್ಲಿ ತೋರಿಸಿದರು. ದುರಸ್ತಿಯಾಗದೆ ಉಳಿದ ತಪ್ಪುಗಳು ವರ್ಷಗಟ್ಟಲೆ ಒಟ್ಟುಗೂಡಿದಾಗ ಕೆಲವು ಜೀವಕೋಶಗಳು ಹಿಡಿತ ತಪ್ಪಿ ಬೆಳೆಯುತ್ತವೆ. ನಮ್ಮ ಕಂದು ಚರ್ಮದಲ್ಲಿರುವ ಮೆಲನಿನ್ ಎಂಬ ಬಣ್ಣ ಕೊಡೆಯಂತೆ ಈ ಕಿರಣಗಳನ್ನು ತಡೆಯುತ್ತದೆ. ಆದುದರಿಂದಲೇ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಬಿಳಿಯ ಚರ್ಮದವರಲ್ಲಿ ಬಹಳ ಹೆಚ್ಚು, ನಮ್ಮಲ್ಲಿ ವಿರಳ.

ಈ ಕಿರಣಗಳು ಕ್ಯಾನ್ಸರ್ ಉಂಟುಮಾಡಬಲ್ಲವು ಎಂಬುದನ್ನು ಪ್ರಯೋಗದಿಂದ ಮೊದಲು ತೋರಿಸಿದ್ದು ಇಲಿಗಳಲ್ಲಿಯೇ. 1928ರಲ್ಲಿ ಬ್ರಿಟನ್ನಿನ ಜಾರ್ಜ್ ಫಿಂಡ್ಲೆ ಪಾದರಸದ ದೀಪದ ಬೆಳಕಿಗೆ ಇಲಿಗಳನ್ನು ಬಹುಕಾಲ ಒಡ್ಡಿದಾಗ ಅವುಗಳ ಚರ್ಮದಲ್ಲಿ ಗಡ್ಡೆಗಳು ಮೂಡಿದವು. ಮನುಷ್ಯರಲ್ಲಿ ಮೂವತ್ತು ನಲವತ್ತು ವರ್ಷ ಹಿಡಿಯುವ ಈ ಕ್ರಿಯೆ ಇಲಿಯಲ್ಲಿ ತಿಂಗಳುಗಳಲ್ಲಿ ಮುಗಿಯುತ್ತದೆ. ಔಷಧಗಳ ಪರೀಕ್ಷೆಗೆ ಇಲಿಯನ್ನು ಆರಿಸಿಕೊಂಡದ್ದು ಈ ಕಾರಣಕ್ಕೆ.

ಔಷಧಕ್ಕೂ ಬಿಸಿಲಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಒಂದು ಔಷಧ ಮೂರು ದಾರಿಗಳಿಂದ ಬಿಸಿಲಿನ ಹಾನಿಯನ್ನು ಹೆಚ್ಚಿಸಬಹುದು. ಔಷಧದ ಅಣುವೇ ಬೆಳಕನ್ನು ಹೀರಿಕೊಂಡು ಚುರುಕಾಗಿ ಜೀವಕೋಶವನ್ನು ಗಾಯಗೊಳಿಸುವುದು ಮೊದಲನೆಯ ದಾರಿ. ಕೆಟ್ಟ ಜೀವಕೋಶಗಳನ್ನು ಗುರುತಿಸಿ ನಾಶಮಾಡುವ ರೋಗನಿರೋಧಕ ಕಾವಲನ್ನು ಔಷಧ ಸಡಿಲಿಸುವುದು ಎರಡನೆಯದು. ಹಚ್ಚಿದ ಲೇಪ ಚರ್ಮದ ಮೇಲ್ಪದರವನ್ನು ಮಾರ್ಪಡಿಸಿ ಬೆಳಕು ಇನ್ನಷ್ಟು ಒಳಹೋಗುವಂತೆ ಮಾಡುವುದು ಮೂರನೆಯದು. ಎಣ್ಣೆ ಹಚ್ಚಿದ ಕಾಗದದ ಮೂಲಕ ಬೆಳಕು ಹೆಚ್ಚು ಹಾಯುವುದನ್ನು ಮಕ್ಕಳು ಮನೆಯಲ್ಲಿಯೇ ನೋಡಬಹುದು.

ಈಗ ಮಗಳ ಮೊದಲ ಪ್ರಶ್ನೆಗೆ ಬರೋಣ. ಆ ಇಲಿಗಳ ರೋಮವನ್ನು ಯಾರೂ ಬೋಳಿಸಿದ್ದಲ್ಲ. ಹುಟ್ಟಿದ ಬಳಿಕ ಮೊದಲ ರೋಮ ಬಂದು, ಕೆಲವೇ ವಾರಗಳಲ್ಲಿ ಉದುರಿಹೋಗಿ, ಮತ್ತೆ ಸರಿಯಾಗಿ ಬೆಳೆಯದ ಒಂದು ಆನುವಂಶಿಕ ತಳಿ ಅದು. ಪ್ರಯೋಗಶಾಲೆಗಳಲ್ಲಿ ಅದನ್ನು ಎಸ್‌ಕೆಎಚ್-1 ಎಂದು ಕರೆಯುತ್ತಾರೆ. ರೋಮವಿದ್ದರೆ ಬೆಳಕು ಚರ್ಮವನ್ನು ಮುಟ್ಟದು. ಆದುದರಿಂದ ಈ ತಳಿ. ಇನ್ನೊಂದು ಮುಖ್ಯ ಸಂಗತಿಯನ್ನು ನೆನಪಿಡಬೇಕು: ಈ ಇಲಿಯ ಚರ್ಮ ಬಿಳಿ, ಅದರಲ್ಲಿ ಮೆಲನಿನ್ ಇಲ್ಲ. ಹೊರಚರ್ಮವೂ ನಮ್ಮದಕ್ಕಿಂತ ಬಹಳ ತೆಳು.

ಇವುಗಳನ್ನು ಹೊರಗೆ ಬಿಸಿಲಿನಲ್ಲಿ ಇಡುವುದಿಲ್ಲ. ಸೂರ್ಯನ ಬೆಳಕನ್ನು ಹೋಲುವಂತೆ ಗಾಜಿನ ಸೋಸುಗಳ ಮೂಲಕ ಹಾಯಿಸಿದ ದೀಪದ ಬೆಳಕನ್ನು, ಅಳತೆಮಾಡಿ, ವಾರಕ್ಕೆ ಐದು ದಿನ ಕೊಡುತ್ತಾರೆ. ಇಲಿಗಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ಒಂದು ಗುಂಪಿಗೆ ಬೆಳಕು ಮಾತ್ರ. ಇನ್ನೊಂದಕ್ಕೆ ಬೆಳಕಿನ ಜೊತೆಗೆ ಔಷಧವಿಲ್ಲದ ಬರಿಯ ಲೇಪ. ಉಳಿದ ಗುಂಪುಗಳಿಗೆ ಬೆಳಕಿನ ಜೊತೆಗೆ ಬೇರೆ ಬೇರೆ ಪ್ರಮಾಣದ ಔಷಧ. ಇನ್ನೊಂದು ಗುಂಪಿಗೆ ಔಷಧವಿಲ್ಲದೆ ಹೆಚ್ಚು ಬೆಳಕು. ಹೀಗೆ 40 ವಾರ ನಡೆಸಿ, ಅನಂತರ 12 ವಾರ ಏನನ್ನೂ ಕೊಡದೆ ನೋಡುತ್ತಾರೆ. ಒಟ್ಟು 52 ವಾರ, ಅಂದರೆ ಒಂದು ವರ್ಷ. ಪ್ರತಿವಾರವೂ ಪ್ರತಿಯೊಂದು ಇಲಿಯ ಚರ್ಮವನ್ನು ನೋಡಿ, 1 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಡ್ಡೆಗಳನ್ನು ಎಣಿಸಿ ಬರೆದಿಡುತ್ತಾರೆ.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಈ ಪರೀಕ್ಷೆಯಲ್ಲಿ ಔಷಧವನ್ನೇ ಕಾಣದ ಗುಂಪಿನ ಇಲಿಗಳಿಗೂ ಗಡ್ಡೆಗಳು ಬರುತ್ತವೆ. ಬರಬೇಕೆಂದೇ ಬೆಳಕಿನ ಪ್ರಮಾಣವನ್ನು ಗೊತ್ತುಮಾಡಿರುತ್ತಾರೆ. ಆದುದರಿಂದ ಪರೀಕ್ಷೆಯ ಪ್ರಶ್ನೆ "ಈ ಔಷಧ ಕ್ಯಾನ್ಸರ್ ಉಂಟುಮಾಡುತ್ತದೆಯೇ?" ಎಂಬುದಲ್ಲ. "ಅಷ್ಟೇ ಬೆಳಕಿನಲ್ಲಿ, ಔಷಧವಿದ್ದಾಗ ಗಡ್ಡೆ ಬೇಗ ಬರುತ್ತದೆಯೇ?" ಎಂಬುದು. ಉದಾಹರಣೆಗೆ, ಬೆಳಕು ಮಾತ್ರ ಕಂಡ ಗುಂಪಿನ ಅರ್ಧದಷ್ಟು ಇಲಿಗಳಲ್ಲಿ ಗಡ್ಡೆ ಕಾಣಲು 40 ವಾರ ಬೇಕಾಯಿತೆಂದೂ, ಔಷಧದ ಗುಂಪಿನಲ್ಲಿ 30 ವಾರ ಸಾಕಾಯಿತೆಂದೂ ಭಾವಿಸೋಣ. ಆಗ ಔಷಧ ಬೆಳಕಿನ ಹಾನಿಗೆ ಜೊತೆಗೂಡಿದೆ ಎನ್ನುತ್ತಾರೆ. ತಾಯಿ ಓದಿದ ವಾಕ್ಯದಲ್ಲಿರುವ "ಬೇಗನೆ" ಎಂಬ ಪದ ಇಂಥ ಹೋಲಿಕೆಯ ಪದ.

ಇಲಿ ಕೊಟ್ಟ ಉತ್ತರ ನಿಜವಾದದ್ದೂ ಉಂಟು. ಮೆಥಾಕ್ಸಲೆನ್ ಎಂಬ ಔಷಧದ ಕಥೆ ಅದಕ್ಕೆ ಸಾಕ್ಷಿ. ನೈಲ್ ನದಿಯ ದಡದಲ್ಲಿ ಬೆಳೆಯುವ ಒಂದು ಗಿಡದ ಬೀಜದಿಂದ ತೆಗೆದ ಈ ವಸ್ತುವನ್ನು ಈಜಿಪ್ಟಿನ ವೈದ್ಯರು 1940ರ ದಶಕದಲ್ಲಿ ತೊನ್ನಿನ ಚಿಕಿತ್ಸೆಗೆ ಬಳಸಿದರು. ಇದು ಬೆಳಕನ್ನು ಹೀರಿಕೊಂಡು ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ನಾನು ಹೇಳಿದ ಮೊದಲ ದಾರಿ. 1950ರ ದಶಕದ ಕೊನೆಯಲ್ಲಿಯೇ, ಇದನ್ನು ಪಡೆದ ಇಲಿಗಳಲ್ಲಿ ಬೆಳಕಿನ ಗಡ್ಡೆಗಳು ಹೆಚ್ಚುತ್ತವೆ ಎಂದು ಪ್ರಯೋಗಗಳು ತಿಳಿಸಿದ್ದವು. 1974ರಲ್ಲಿ ಅಮೆರಿಕದ ವೈದ್ಯರು ಇದೇ ಔಷಧವನ್ನು ನೇರಳಾತೀತ ದೀಪದೊಂದಿಗೆ ಸೋರಿಯಾಸಿಸ್ ರೋಗಕ್ಕೆ ಬಳಸಿ ಒಳ್ಳೆಯ ಫಲ ಕಂಡರು. ಆದರೆ ರೋಗಿಗಳನ್ನು ಬಿಟ್ಟುಬಿಡದೆ ವರ್ಷ ವರ್ಷವೂ ಪರೀಕ್ಷಿಸುವ ವ್ಯವಸ್ಥೆಯನ್ನೂ ಮಾಡಿಕೊಂಡರು. 1979ರಲ್ಲಿ ಬಂದ ವರದಿಯ ಪ್ರಕಾರ, ಸುಮಾರು 1,400 ರೋಗಿಗಳಲ್ಲಿ ಚರ್ಮದ ಕ್ಯಾನ್ಸರ್ ನಿರೀಕ್ಷೆಗಿಂತ ಎರಡೂವರೆ ಪಟ್ಟಿಗೂ ಮಿಗಿಲಾಗಿತ್ತು. ಇಲಿ ಇಪ್ಪತ್ತು ವರ್ಷ ಮೊದಲೇ ಹೇಳಿದ್ದ ಮಾತು ಅದು. ಔಷಧವನ್ನು ಕೈಬಿಡಲಿಲ್ಲ, ಚಿಕಿತ್ಸೆಯ ಸರದಿಗಳಿಗೆ ಮಿತಿ ಹಾಕಿ, ರೋಗಿಗಳ ಚರ್ಮವನ್ನು ಕಾಲಕಾಲಕ್ಕೆ ನೋಡುವ ಪದ್ಧತಿ ಬಂತು.

ಈ ಕಥೆಯನ್ನು ನಮ್ಮ ಮನೆಗಳಲ್ಲಿ ಹೇಳಲು ಇನ್ನೊಂದು ಕಾರಣವಿದೆ. ನಮ್ಮ ನಾಟಿವೈದ್ಯದಲ್ಲಿ ತೊನ್ನಿಗೆ ಬಳಸುವ ಬಾವಂಚಿ ಬೀಜದಲ್ಲಿ ಇದೇ ಕುಲದ ವಸ್ತುವಿದೆ. ಅದರ ಎಣ್ಣೆಯನ್ನು ಯಾರೋ ಹೇಳಿದರೆಂದು ಮಗುವಿಗೆ ಹಚ್ಚಿ ನಡುಹಗಲಿನ ಬಿಸಿಲಿನಲ್ಲಿ ಕೂರಿಸುವುದು ಚರ್ಮ ಸುಟ್ಟು ಬೊಬ್ಬೆ ಏಳಲು ದಾರಿ. ತಿಳಿದವರ ಕಣ್ಣೆದುರಿನಲ್ಲಿ, ಅಳತೆಯಲ್ಲಿ ಮಾತ್ರ ನಡೆಯಬೇಕಾದ ಚಿಕಿತ್ಸೆ ಅದು.

ಲೋಮೆಫ್ಲಾಕ್ಸಸಿನ್ ಎಂಬ ಪ್ರತಿಜೈವಿಕ ಔಷಧದ ವಿಷಯದಲ್ಲಿಯೂ ಇಲಿ ಸ್ಪಷ್ಟವಾಗಿಯೇ ಮಾತನಾಡಿತು. ಅದೇ ಗುಂಪಿನ ಬೇರೆ ಔಷಧಗಳನ್ನು ಪಡೆದು ಬೆಳಕಿಗೆ ಒಡ್ಡಿಕೊಂಡ ಇಲಿಗಳಲ್ಲಿ ಗಡ್ಡೆ ಬರಲು 28ರಿಂದ 52 ವಾರ ಹಿಡಿದರೆ, ಇದನ್ನು ಪಡೆದವುಗಳಲ್ಲಿ 16 ವಾರ ಸಾಕಾಯಿತು. ಈ ಔಷಧ ಸೇವಿಸುವವರು ಬಿಸಿಲಿನಿಂದ ದೂರವಿರಬೇಕೆಂದು ಅದರ ಚೀಟಿ ಒತ್ತಿ ಹೇಳುತ್ತಿತ್ತು.

ಆದರೆ ಇಲಿಯ ಉತ್ತರ ಯಾವಾಗಲೂ ಇಷ್ಟು ನೇರವಲ್ಲ. ಅಮೆರಿಕದ ಅರ್ಕಾನ್ಸಾ ರಾಜ್ಯದ ಸರಕಾರಿ ಪ್ರಯೋಗಾಲಯವೊಂದರಲ್ಲಿ, ಸೌಂದರ್ಯವರ್ಧಕಗಳಲ್ಲಿ ಬಳಸುವ ವಿಟಮಿನ್ 'ಎ'ಯ ಒಂದು ರೂಪವನ್ನು ಇದೇ ತಳಿಯ ಇಲಿಗಳ ಮೇಲೆ ಪರೀಕ್ಷಿಸಿ, ವರದಿಯನ್ನು 2012ರಲ್ಲಿ ಪ್ರಕಟಿಸಿದರು. ವಿಟಮಿನ್ ಬೆರೆಸಿದ ಲೇಪ ಗಡ್ಡೆಗಳನ್ನು ಹೆಚ್ಚಿಸಿದ್ದು ನಿಜ. ಆದರೆ ವಿಟಮಿನ್ ಇಲ್ಲದ ಬರಿಯ ಲೇಪವೂ ಗಡ್ಡೆಗಳನ್ನು ಬೇಗ ತಂದಿತ್ತು! ಬರಿಯ ಲೇಪದ ಗುಂಪು ಇಲ್ಲದಿದ್ದರೆ ಎಲ್ಲ ದೋಷವೂ ವಿಟಮಿನ್ನಿನ ತಲೆಗೆ ಬರುತ್ತಿತ್ತು. ಇನ್ನೊಂದೆಡೆ ಸ್ಯಾಲಿಸಿಲಿಕ್ ಆಮ್ಲ ಬೆರೆಸಿದ ಲೇಪ ಇದೇ ರೀತಿಯ ಪರೀಕ್ಷೆಯಲ್ಲಿ ಇಲಿಗಳಿಗೆ ಕೊಂಚ ರಕ್ಷಣೆಯನ್ನೇ ಕೊಟ್ಟಿತು. ಶಾಲೆಯ ಪ್ರಯೋಗದಲ್ಲಿ ಹೋಲಿಕೆಗೆಂದು ಏನೂ ಬೆರೆಸದ ಒಂದು ಪ್ರನಾಳವನ್ನು ಇಡಬೇಕೆಂದು ನಾವು ಏಕೆ ಹಟ ಹಿಡಿಯುತ್ತೇವೆಂದು ಮಕ್ಕಳಿಗೆ ಈಗ ಅರ್ಥವಾಗಬೇಕು.

ಈಗ ಟ್ಯಾಕ್ರೊಲಿಮಸ್. ಇದು ಬೇರೆಯವರ ಮೂತ್ರಪಿಂಡ ಜೋಡಿಸಿದ ರೋಗಿಗಳಿಗೆ, ದೇಹ ಅದನ್ನು ತಿರಸ್ಕರಿಸದಂತೆ, ಬಾಯಿಯ ಮೂಲಕ ಕೊಡುವ ಔಷಧವೂ ಹೌದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದೇ ಇದರ ಕೆಲಸ. ಇಂಥ ಔಷಧಗಳನ್ನು ವರ್ಷಗಟ್ಟಲೆ ನುಂಗುವ ರೋಗಿಗಳಲ್ಲಿ, ಅದರಲ್ಲಿಯೂ ಬಿಳಿಯ ಚರ್ಮದವರಲ್ಲಿ, ಬಿಸಿಲಿನ ಚರ್ಮದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚು. ರೋಗನಿರೋಧಕ ಕಾವಲು ಎಷ್ಟು ಮುಖ್ಯ ಎಂಬುದನ್ನು ಮಾರ್ಗರೆಟ್ ಕ್ರಿಪ್ಕೆ ಎಂಬ ವಿಜ್ಞಾನಿ 1970ರ ದಶಕದಲ್ಲಿ ಕಂಡರು: ಬೆಳಕಿನಿಂದ ಮೂಡಿದ ಗಡ್ಡೆಯನ್ನು ಆರೋಗ್ಯವಂತ ಇಲಿಗೆ ಕಸಿಮಾಡಿದರೆ ಅದರ ದೇಹ ಆ ಗಡ್ಡೆಯನ್ನು ಸಾಮಾನ್ಯವಾಗಿ ತಿರಸ್ಕರಿಸುತ್ತಿತ್ತು, ಮೊದಲೇ ನೇರಳಾತೀತ ಬೆಳಕು ಕಂಡಿದ್ದ ಇಲಿಗೆ ಕಸಿಮಾಡಿದರೆ ಗಡ್ಡೆ ಬೆಳೆಯುತ್ತಿತ್ತು. ಬೆಳಕು ಗಾಯ ಮಾಡುವುದಲ್ಲದೆ ಕಾವಲನ್ನೂ ಮಂಕುಗೊಳಿಸುತ್ತದೆ. ಆ ಕಾವಲನ್ನು ಇನ್ನಷ್ಟು ತಗ್ಗಿಸುವ ಔಷಧವನ್ನು ಚರ್ಮಕ್ಕೆ ಹಚ್ಚುವಾಗ ಕೇಳಲೇಬೇಕಾದ ಪ್ರಶ್ನೆಯನ್ನು ಪರೀಕ್ಷಕರು ಕೇಳಿದರು. ನೂರರಲ್ಲಿ 0.1 ಭಾಗ ಅಥವಾ ಅದಕ್ಕಿಂತ ಹೆಚ್ಚು ಔಷಧವಿದ್ದ ಮುಲಾಮು ಗಡ್ಡೆ ಬರುವ ಕಾಲವನ್ನು ಮುಂಚಿತಗೊಳಿಸಿತು ಎಂಬುದು ದೊರೆತ ಉತ್ತರ. ಚೀಟಿಯಲ್ಲಿರುವುದು ಅದೇ. ಇಸುಬಿಗೆ ಸಣ್ಣ ಮಕ್ಕಳಿಗೆ ಸಾಮಾನ್ಯವಾಗಿ ಬರೆಯುವುದು 0.03 ಭಾಗದ ಮುಲಾಮು. ಇಲಿಯ ಚರ್ಮವೇ ಬೇರೆಯಾದ್ದರಿಂದ ಈ ಅಂಕೆಯೊಂದನ್ನೇ ಅಭಯವೆಂದು ಹಿಡಿಯಲಾಗದು, ಆದರೆ ಪೆಟ್ಟಿಗೆಯ ಮೇಲೆ ಯಾವ ಅಂಕೆಯಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಇಲಿ ಎಚ್ಚರಿಸಿದ ಮೇಲೆ ಮನುಷ್ಯರನ್ನು ನೋಡಬೇಕಲ್ಲವೇ? ಅಮೆರಿಕದ ಔಷಧ ಆಡಳಿತ 2006ರಲ್ಲಿ ಈ ಮುಲಾಮಿನ ಚೀಟಿಯಲ್ಲಿ ಚೌಕಟ್ಟಿನೊಳಗೆ ಕ್ಯಾನ್ಸರಿನ ಎಚ್ಚರಿಕೆಯನ್ನು ಅಚ್ಚುಮಾಡಿಸಿತು. ಅದರ ಜೊತೆಗೆ ಮುಲಾಮು ಬಳಸಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವೂ ನಡೆಯಿತು. ಸುಮಾರು 8,000 ಮಕ್ಕಳ ಆ ಅಧ್ಯಯನದ ಫಲಿತಾಂಶ 2020ರಲ್ಲಿ ಹೊರಬಂತು. ಅವರಲ್ಲಿ ದೃಢಪಟ್ಟ ಹೊಸ ಕ್ಯಾನ್ಸರ್ ಪ್ರಕರಣಗಳು 6. ಮುಲಾಮನ್ನೇ ಕಾಣದ, ಅದೇ ವಯಸ್ಸಿನ ಅಷ್ಟೇ ಮಕ್ಕಳಲ್ಲಿ ನಿರೀಕ್ಷಿಸುವ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಮುಖ್ಯವಾಗಿ ಹೆದರಿದ್ದ ದುಗ್ಧಗ್ರಂಥಿಗಳ ಕ್ಯಾನ್ಸರ್ ಒಬ್ಬರಲ್ಲಿಯೂ ಕಂಡುಬರಲಿಲ್ಲ. ಆರು ಎಂಬುದು ಸಣ್ಣ ಸಂಖ್ಯೆ. ಬಿಸಿಲಿನ ಕ್ಯಾನ್ಸರಿಗೆ ದಶಕಗಳು ಹಿಡಿಯುತ್ತವೆ. ಆದುದರಿಂದ ಇದು ಎಲ್ಲ ಪ್ರಶ್ನೆಗಳಿಗೂ ಕೊನೆಯ ಉತ್ತರವಲ್ಲ. ಆದರೂ ಇಂದು ರಾತ್ರಿ ತುರಿಸಿಕೊಂಡು ಅಳುವ ಮಗುವಿನ ತಾಯಿಗೆ ಇದು ದೊಡ್ಡ ಸಮಾಧಾನದ ಮಾತು.

ಇನ್ನು ಮಗಳ ಎರಡನೆಯ ಪ್ರಶ್ನೆ: ನ್ಯಾಯವೇ? ಸುಲಭದ ಉತ್ತರ ನನ್ನಲ್ಲಿಲ್ಲ. ಒಂದು ವರ್ಷ ಗಡ್ಡೆಗಳನ್ನು ಹೊತ್ತು ಸಾಯುವ ಜೀವದ ನೋವು ನೋವೇ. ಆದರೆ ಪರೀಕ್ಷೆಯೇ ಇಲ್ಲದೆ ವಸ್ತುವೊಂದು ಜನರ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಗಡಿನಾಡಿಗೆ ಬೇರೆಯವರು ಕಲಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅದು ಔಷಧವಲ್ಲ, ಕೀಟನಾಶಕ. ಕ್ಯಾನ್ಸರಿನ ಕಥೆಯೂ ಬೇರೆ. ಆದರೆ "ಜನರ ಮೇಲೆ ಇದರ ಪರಿಣಾಮವೇನು?" ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಾದವರು ಕೇಳದೆ, ಎಣ್ಮಕಜೆಯಂಥ ಊರುಗಳ ತಾಯಂದಿರು ಕೊನೆಯಲ್ಲಿ ಕೇಳುವಂತಾಯಿತು. ಮೊದಲೇ ಕೇಳುವುದಕ್ಕಾಗಿಯೇ ಪರೀಕ್ಷೆಗಳಿರುವುದು.

ಇಲಿಯೇ ಆಗಬೇಕೇ ಎಂದರೆ, ಎಲ್ಲ ಸಂದರ್ಭದಲ್ಲಿಯೂ ಬೇಡ ಎಂಬುದು ಈಗಿನ ನಿಲುವು. ಬೇರೆ ದಾರಿಯಿದ್ದರೆ ಪ್ರಾಣಿಯನ್ನು ಬಿಡಬೇಕು, ಸಂಖ್ಯೆಯನ್ನು ಇಳಿಸಬೇಕು, ನೋವನ್ನು ತಗ್ಗಿಸಬೇಕು ಎಂಬ ಮೂರು ಸೂತ್ರಗಳನ್ನು ಬ್ರಿಟನ್ನಿನ ರಸೆಲ್ ಮತ್ತು ಬರ್ಚ್ 1959ರಲ್ಲಿಯೇ ಹೇಳಿದ್ದರು. ಔಷಧ ನಿಯಂತ್ರಣದ ಅಂತರರಾಷ್ಟ್ರೀಯ ಒಕ್ಕೂಟ 2013ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿಯಂತೆ, ಬೆಳಕಿನಿಂದಾಗುವ ಕ್ಯಾನ್ಸರನ್ನು ಇಲಿಯಲ್ಲಿ ಪರೀಕ್ಷಿಸುವ ಈ ವರ್ಷಾವಧಿಯ ವಿಧಾನವನ್ನು ಈಗ ಶಿಫಾರಸು ಮಾಡುವುದಿಲ್ಲ. ಮನುಷ್ಯರ ಅಪಾಯವನ್ನು ಅಳೆಯಲು ಅದರಿಂದ ಸಿಗುವ ಪ್ರಯೋಜನ ಕಡಿಮೆ ಎಂಬ ನಿರ್ಧಾರಕ್ಕೆ ಬಂದರು. ಈಗ ಮೊದಲು ಔಷಧದ ಅಣು ಸೂರ್ಯನ ಬೆಳಕನ್ನು ಹೀರುತ್ತದೆಯೇ ಎಂದು ಉಪಕರಣದಲ್ಲಿ ಅಳೆಯುತ್ತಾರೆ. ಹೀರದಿದ್ದರೆ ಬೆಳಕಿನಲ್ಲಿ ಅದೇ ವಿಷವಾಗುವ ಭಯ ಅಲ್ಲಿಗೆ ಮುಗಿಯಿತು. ಹೀರಿದರೆ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಔಷಧ ಬೆರೆಸಿ, ಒಂದು ತಟ್ಟೆಯನ್ನು ಬೆಳಕಿನಲ್ಲಿ, ಇನ್ನೊಂದನ್ನು ಕತ್ತಲಲ್ಲಿ ಇಟ್ಟು ಹೋಲಿಸುತ್ತಾರೆ. ಆ ಜೀವಕೋಶಗಳು 1960ರ ದಶಕದಲ್ಲಿ ಇಲಿಯ ಭ್ರೂಣದಿಂದ ತೆಗೆದು ಇಂದಿಗೂ ಬೆಳೆಸಿಕೊಂಡು ಬಂದ ಸಂತತಿ. ನಮ್ಮ ದೇಶವೂ 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. 2023ರಲ್ಲಿ ಹೊಸ ಔಷಧಗಳಿಗೂ ಪ್ರಾಣಿರಹಿತ ವಿಧಾನಗಳನ್ನು ಬಳಸಲು ನಿಯಮದಲ್ಲಿ ಅವಕಾಶ ಮಾಡಿಕೊಟ್ಟಿತು.

ಹಾಗಾದರೆ ಆ ತಾಯಿ ಈಗ ಏನು ಮಾಡಬೇಕು? ಚೀಟಿಯನ್ನೂ ಮುಲಾಮಿನ ಪೆಟ್ಟಿಗೆಯನ್ನೂ ಹಿಡಿದು ವೈದ್ಯರ ಬಳಿಗೆ ಹೋಗಬೇಕು. ಮುಲಾಮು ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳಬೇಕು. ಮೂರು ಪ್ರಶ್ನೆಗಳನ್ನು ಕೇಳಬೇಕು: ಎಷ್ಟು ಶಕ್ತಿಯ ಮುಲಾಮು, ಎಷ್ಟು ದಿನ? ಹಚ್ಚಿದ ಭಾಗವನ್ನು ಬಿಸಿಲಿನಿಂದ ಹೇಗೆ ಕಾಪಾಡಬೇಕು? ಗುಣವಾದ ಮೇಲೆ ಯಾವಾಗ ನಿಲ್ಲಿಸಬೇಕು? ಮಗುವನ್ನು ನಡುಹಗಲು ಬಯಲಿನಲ್ಲಿ ಆಡಲು ಬಿಡದೆ, ತೋಳು ಮುಚ್ಚುವ ಹತ್ತಿಯ ಅಂಗಿ ತೊಡಿಸಿದರೆ ಚೀಟಿಯ ಎಚ್ಚರಿಕೆಯನ್ನು ಪಾಲಿಸಿದಂತೆಯೇ ಆಯಿತು. ಮಗು ಓದುವ ಶಾಲೆಯ ಅಧ್ಯಾಪಕರಿಗೂ ಈ ವಿಷಯ ತಿಳಿಸಿರಲಿ.

ತಾಯಿ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಮಗುವಿನ ಮೇಲಿನ ಕಾಳಜಿಯಿಂದ ನಿಲ್ಲಿಸಿದರು. ತಪ್ಪಿದ್ದು ಒಂದೇ: ಒಂದು ವಾಕ್ಯ ಯಾವ ಪ್ರಶ್ನೆಗೆ ಉತ್ತರ ಎಂದು ಕೇಳುವ ಮೊದಲೇ ಅದನ್ನು ತೀರ್ಪೆಂದು ತಿಳಿದದ್ದು. ಸಂಕೋಚ ಪಡಬೇಕಾದದ್ದೇನೂ ಇಲ್ಲ. ಆರು ವರ್ಷದ ಮಗುವಿಗೆ ಹಚ್ಚುವ ಔಷಧದ ವಿವರ ಕನ್ನಡದಲ್ಲಿಯೂ ಇಲ್ಲ, ಮಲಯಾಳದಲ್ಲಿಯೂ ಇಲ್ಲ. ನಮ್ಮ ಮನೆಗಳಲ್ಲಿ ಅದನ್ನು ಬಿಡಿಸಿ ಹೇಳುವವರು ಎಂಟನೆಯ ತರಗತಿಯ ಮಕ್ಕಳು. ಆ ಹುಡುಗಿ ನಿಘಂಟು ಹಿಡಿದು ಕೊನೆಯ ಸಾಲಿನವರೆಗೂ ಓದಿದಳು, ಓದಿದ್ದನ್ನು ತಾಯಿಗೆ ಕನ್ನಡದಲ್ಲಿ ಹೇಳಿದಳು, ಇಲಿಯ ಪರವಾಗಿಯೂ ಒಂದು ಪ್ರಶ್ನೆ ಕೇಳಿದಳು. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಆಕೆಯನ್ನೂ ಕರೆದುಕೊಂಡು ಹೋಗಿ ಎಂದು ತಾಯಿಗೆ ನನ್ನ ವಿನಂತಿ. ವೈದ್ಯರು ಏನೆಂದರು ಎಂಬುದನ್ನು ಆಕೆಯೇ ಈ ಅಂಕಣಕ್ಕೆ ಬರೆದು ಕಳುಹಿಸಲಿ.